ಅಕ್ಕ ಕತ್ತರಿಸಿದ ಕೆಂಪು ಹಗ್ಗ

ವೇದಿಕೆಯಲ್ಲಿರುವ ಅಧ್ಯಕ್ಷರೇ, ಅತಿಥಿಗಳೇ, ಇಪ್ಪತ್ತಾರು ವರ್ಷ ನಮ್ಮ ಶಿಲಾರೋಹಣ ಸಂಘದ ಉಗ್ರಾಣ ನೋಡಿಕೊಂಡು ಇಂದು ನಿವೃತ್ತರಾಗುತ್ತಿರುವ ನಮ್ಮೆಲ್ಲರ ಅಕ್ಕ, ಮತ್ತು ಊಟದ ಹೊತ್ತು ಮೀರಿದರೂ ಎದ್ದು ಹೋಗದ ದೊಡ್ಡ ಮನಸ್ಸಿನ ಸಭಿಕರೇ,

ಕಾರ್ಯದರ್ಶಿಯಾಗಿ ನಾನು ಎರಡು ಮಾತಾಡಬೇಕೆಂದು ಅಪ್ಪಣೆಯಾಗಿದೆ. ಅಕ್ಕನ ಬಗ್ಗೆ ಎರಡು ಮಾತು ಸಾಕೆ? ಅವರಿಂದ ಬೈಸಿಕೊಳ್ಳದವರು ಇಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ನೋಡಿ, ಅಧ್ಯಕ್ಷರೂ ಎತ್ತಲಿಲ್ಲ! ಹಗ್ಗ ತುಳಿದರೆ ಬೈಗುಳ. ಉಕ್ಕಿನ ಕೊಕ್ಕೆಯನ್ನು ಬಂಡೆಯ ಮೇಲೆ ಬೀಳಿಸಿ ಸುಮ್ಮನಿದ್ದರೆ ಇನ್ನೂ ದೊಡ್ಡ ಬೈಗುಳ. "ಪೆಟ್ಟು ತಿಂದ ಕೊಕ್ಕೆ ಬಾಯಿ ಬಿಟ್ಟು ಹೇಳಲ್ಲ ಕಣಪ್ಪ, ನೀನೇ ಹೇಳ್ಬೇಕು." ಬಂಡೆ ಹತ್ತುವವರಿಗೆ, ಬಿದ್ದರೆ ಮೈಗೆ ಪೆಟ್ಟಾಗದಂತೆ, ಹಿಗ್ಗುವ ಹಗ್ಗ; ಜಲಪಾತ ಇಳಿಯುವವರಿಗೆ ಹಿಗ್ಗದ ಹಗ್ಗ. ಇದನ್ನು ನನ್ನ ತಲೆಗೆ ತುಂಬಿದವರೂ ಅವರೇ.

ಹನ್ನೆರಡು ವರ್ಷಗಳ ಹಿಂದೆ ನಾನು ಜಲಪಾತ ಇಳಿಯುವ ತಂಡವೊಂದರ ತರಬೇತುದಾರನಾಗಿದ್ದೆ. ತಂಡದಲ್ಲಿ ನನ್ನ ತಂಗಿಯೂ ಇದ್ದಳು. ಹೊರಡುವ ಹಿಂದಿನ ದಿನ, ವಾರದ ಹಿಂದೆ ಒಯ್ದಿದ್ದ ಹೊಚ್ಚಹೊಸ ಕೆಂಪು ಹಗ್ಗವನ್ನು ಅಕ್ಕನ ಮೇಜಿನ ಮೇಲಿಟ್ಟು, ನಾಳೆಗೂ ಇದೇ ಬೇಕೆಂದೆ. ಅವರು ಅದನ್ನು ಮೊಳ ಮೊಳವಾಗಿ ಬೆರಳುಗಳ ನಡುವೆ ಎಳೆಯುತ್ತಾ ಹೋಗಿ ಒಂದೆಡೆ ನಿಂತರು.

"ಇಲ್ಲಿ ಒರಟಾಗಿದೆ. ಬ್ಯಾಟರಿ ಪಕ್ಕ ಇಟ್ಟಿದ್ಯಾ?"

"ಇಲ್ಲಕ್ಕ."

ಇಟ್ಟಿದ್ದೆ, ಸಭಿಕರೇ. ಕಾರಿನ ಡಿಕ್ಕಿಯಲ್ಲಿ, ಸೋರುತ್ತಿದ್ದ ಹಳೇ ಬ್ಯಾಟರಿಯ ಜೊತೆ. ಆ ಆಮ್ಲ ಹಗ್ಗವನ್ನು ಒಳಗಿಂದ ತಿನ್ನುತ್ತದೆಂದು ನನಗೆ ಗೊತ್ತಿತ್ತು. ತಾಗಿರಲಾರದು ಎಂದುಕೊಂಡಿದ್ದೆ.

"ಅನುಮಾನ ಬಂದ್ಮೇಲೆ ಅದು ಹಗ್ಗ ಅಲ್ಲ," ಎಂದವರೇ ನನ್ನ ಕಣ್ಣೆದುರೇ ಕತ್ತರಿಸಿಬಿಟ್ಟರು. ಬದಲಿಗೆ ಮಾಸಿದ ಬಿಳಿ ಹಗ್ಗವೊಂದನ್ನು ಕೊಟ್ಟರು. ತಂಗಿ ಅದರಲ್ಲೇ ಇಳಿದಳು. ಕೆಳಗಿಂದ ಕೈ ಬೀಸಿದಳು.

ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಹೊಸ ಹಗ್ಗವನ್ನು ವಿನಾಕಾರಣ ಹಾಳು ಮಾಡಿದ್ದಾರೆಂದು ಸಮಿತಿಗೆ ಹೆಸರಿಲ್ಲದ ದೂರು ಬರೆದೆ. ಹೌದು, ಹಿರಿಯ ಸದಸ್ಯರು ಇಂದಿಗೂ ಯಾರದೆಂದು ಚರ್ಚಿಸುವ ಆ ಪತ್ರ ನನ್ನದು. ಎರಡು ತಿಂಗಳು ಅಕ್ಕನಿಂದ ಉಗ್ರಾಣದ ಬೀಗದಕೈ ಕಸಿದುಕೊಂಡರು.

ಆ ನಡುವೆ ಒಂದು ದಿನ, ನಾನೇ ಸರಿ ಎಂದು ತೋರಿಸಲು, ಅಂದು ಮೇಜಿನಿಂದ ಎತ್ತಿಕೊಂಡು ಬಂದಿದ್ದ ಕೆಂಪು ತುಂಡನ್ನು ಹಿತ್ತಲ ಮರಕ್ಕೆ ಕಟ್ಟಿ ಜೋತುಬಿದ್ದೆ. ಪಟ್ಟೆಂದು ಹರಿಯಿತು. ಧೊಪ್ಪನೆ ಬಿದ್ದೆ. ನನ್ನ ಕಾಲಿಗೂ ನೆಲಕ್ಕೂ ಒಂದು ಗೇಣು ಅಂತರವಿತ್ತು. ತಂಗಿ ಇಳಿದದ್ದು ನೂರೈವತ್ತು ಅಡಿ.

ಆಗಲೂ ನಾನು ಬಾಯಿ ಬಿಡಲಿಲ್ಲ. ಬೀಗದಕೈ ಮರಳಿ ಪಡೆದು ಉಗ್ರಾಣಕ್ಕೆ ಬಂದ ದಿನ ಅಕ್ಕ ನನ್ನನ್ನು ಕೇಳಿದ್ದು ಒಂದೇ: "ತಂಗಿಗೆ ಹೆದರಿಕೆ ಆಗ್ಲಿಲ್ವಾ?"

"ಇಲ್ಲಕ್ಕ, ತುಂಬಾ ಖುಷಿಪಟ್ಲು."

ಅಷ್ಟೇ ಹೇಳಿ, ಪುಸ್ತಕದಲ್ಲಿ ಸಹಿ ಹಾಕಿ, ಹಗ್ಗ ಎತ್ತಿಕೊಂಡು ಹೊರಟೆ.

ಬರೆದು ತಂದ ಭಾಷಣದಲ್ಲಿ ಇದ್ಯಾವುದೂ ಇರಲಿಲ್ಲ. ಆ ಕಾಗದ ಜೇಬಿನಲ್ಲೇ ಇರಲಿ. ಸಂಘದ ನಡಾವಳಿಯಲ್ಲಿ ನಾಳೆಯೇ ನನ್ನ ಸಹಿ ಹಾಕಿ ಬರೆಯುತ್ತೇನೆ: ದೂರು ಸುಳ್ಳು, ಹಗ್ಗ ಕೆಟ್ಟಿತ್ತು, ಕೆಡಿಸಿದವನು ನಾನು. ಆಮೇಲೆ ಈ ಕುರ್ಚಿಯಲ್ಲಿ ನಾನಿರಬೇಕೋ ಬೇಡವೋ, ಸಮಿತಿ ಹೇಳಲಿ.

ಅಕ್ಕ, ನೀವು ಕೊಟ್ಟ ಹಗ್ಗಗಳಿಗಾಗಿ ಸಂಘ ನಿಮಗೆ ಹಾರ ಹಾಕಿದೆ. ಕೊಡದ ಒಂದು ಹಗ್ಗಕ್ಕಾಗಿ ನಾನು ಕೈ ಮುಗಿಯುತ್ತಿದ್ದೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ವಂದನೆ. ನಮಸ್ಕಾರ.