ಮಗಳ ನರಕೋಶಗಳನ್ನು ಕಂಡ ಅಡಿವೆಪ್ಪ

ಮನೆಯಲ್ಲಿ ಮಗು ಮಾತಾಡದಿದ್ದರೆ ನಾವು ಮೊದಲು ಯಾರನ್ನು ನೋಡುತ್ತೇವೆ? ಮಗುವನ್ನಲ್ಲ, ಅದರ ತಾಯಿಯನ್ನು. ನಿಜವೋ ಸುಳ್ಳೋ, ನೀವೇ ಹೇಳಿ. ಇದರ ಮೇಲೆ ಒಬ್ಬ ಸಾಹುಕಾರನ ಕಥೆ ಇದೆ, ಕೇಳಿ.

ಆತನ ಹೆಸರು ಅಡಿವೆಪ್ಪ. ಒಣಮೆಣಸಿನಕಾಯಿಯ ದೊಡ್ಡ ವ್ಯಾಪಾರಿ. ಎರಡು ಗೋದಾಮು, ಮನೆಗೆ ಹತ್ತಿಕೊಂಡೇ ಖಾರ ಕುಟ್ಟುವ ಗಿರಣಿ. ಹೆಂಡತಿ ಕಸ್ತೂರಿ. ಒಬ್ಬಳೇ ಮಗಳು ಮಂದಾರ, ಆರು ವರ್ಷದವಳು. ಮಗು ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಗಿರಣಿ ಶುರುವಾದರೆ ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳು. ಗಿರಣಿ ನಿಂತ ಮೇಲೆ ಮೆಣಸಿನಕಾಯಿಗಳನ್ನು ಬಣ್ಣ ನೋಡಿ ನೋಡಿ ಸಾಲಾಗಿ ಜೋಡಿಸುತ್ತಾ ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ. ಡಾಕ್ಟರು ಇದನ್ನು ಆಟಿಸಂ ಎಂದರು. ಅಡಿವೆಪ್ಪನ ತಾಯಿ ನಿಂಬೆವ್ವ ಮಾತ್ರ, ಇದು ಗ್ರಹಣದ ದಿನ ಬಸುರಿ ಸೊಸೆ ಈಳಿಗೆ ಮುಟ್ಟಿದ್ದರ ಫಲ ಎಂದಳು.

ಅಡಿವೆಪ್ಪ ತಾಯಿತ ಕಟ್ಟಿಸಿದ, ಹರಕೆ ಹೊತ್ತ, ಅವರಿವರು ಹೇಳಿದ ಬೇರುನಾರನ್ನೆಲ್ಲ ಅರೆಸಿ ಕುಡಿಸಿದ. ಏನೂ ಬದಲಾಗಲಿಲ್ಲ. ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದವನಿಗೆ ತಪ್ಪು ಹೊರಿಸಲು ಒಬ್ಬರು ಬೇಕಲ್ಲ? ಒಂದು ದಿನ ಹೆಂಡತಿಗೆ ಅಂದೇಬಿಟ್ಟ: "ನಮ್ಮ ವಂಶದಾಗ ಇಂಥಾದ್ದು ಇಲ್ಲ. ದೋಷ ನಿಮ್ಮ ರಕ್ತದಾಗ ಐತಿ. ಕೂಸಿನ್ನ ಕರಕೊಂಡು ತವರಿಗೆ ಹೋಗು."

ಅವಳು ಹೋದಳು. ತವರೂರಿನಲ್ಲಿ ಮಗುವನ್ನು ಮಾತಿನ ತರಬೇತಿಗೆ ಹಾಕಿದಳು. ಅಲ್ಲೇ ಹತ್ತಿರದಲ್ಲಿ ಮಿದುಳಿನ ಕೋಶಗಳ ಮೇಲೆ ಸಂಶೋಧನೆ ಮಾಡುವ ವಾರಿಜಾ ಎಂಬ ಡಾಕ್ಟರ್ ಇದ್ದರು. ಅವರು ಮಗುವನ್ನು ನೋಡಿ, ಕಾರಣ ಹುಡುಕಲು ತಂದೆ, ತಾಯಿ, ಮಗು, ಮೂವರ ರಕ್ತವೂ ಬೇಕೆಂದರು. ಐದು ತಿಂಗಳಾದ ಮೇಲೆ ಮೊದಲ ಸಲ ಕಸ್ತೂರಿ ಗಂಡನಿಗೆ ಫೋನು ಮಾಡಿದಳು. ಅಡಿವೆಪ್ಪ ತಕ್ಷಣ ಒಪ್ಪಿದ. ನೋಡಿ, ಯಾಕೆ ಒಪ್ಪಿದ ಗೊತ್ತೇ? ದೋಷ ಯಾರದೆಂದು ಆ ಡಾಕ್ಟರೇ ಹೇಳಲಿ ಎಂಬ ಹಟಕ್ಕೆ.

ವರ್ಷದ ಮೇಲೆ ಕರೆ ಬಂತು. ಮೂವರೂ ವಾರಿಜಾ ಅವರ ಕೋಣೆಯಲ್ಲಿ ಕೂತರು. ಕೂತವರು ಇಬ್ಬರೇ ಅನ್ನಿ. ಅಡಿವೆಪ್ಪ ಎದ್ದು ಕಿಟಕಿ ನೋಡಿದ, ಕೂತ. ಎದ್ದು ಫ್ಯಾನಿನ ಗುಂಡಿ ತಿರುವಿದ, ಕೂತ. ಮೇಜಿನ ಮೇಲಿದ್ದ ಪೆನ್ನು ಬಿಚ್ಚಿ ಅದರ ಸ್ಪ್ರಿಂಗು ಹಾರಿಸಿಬಿಟ್ಟ.

ವಾರಿಜಾ ಪರದೆಯ ಮೇಲೆ ಒಂದು ಚಿತ್ರ ತಂದರು. ಕಪ್ಪು ಕತ್ತಲೆ, ಅದರಲ್ಲಿ ಹಸಿರಾಗಿ ಹೊಳೆಯುವ ಕವಲು ಕವಲಾದ ಎಳೆಗಳು. ಮಂದಾರಳ ರಕ್ತದ ಕೋಶಗಳನ್ನೇ ತಿಂಗಳುಗಟ್ಟಲೆ ಸಾಕಿ, ಪುಟ್ಟ ಗಾಜಿನ ತಟ್ಟೆಯಲ್ಲಿ ಮಿದುಳಿನ ನರಕೋಶಗಳಾಗಿ ಬೆಳೆಸಿದ್ದೇವೆ ಎಂದರು. ಅಡಿವೆಪ್ಪ ಏನೋ ಕೊಳೆತದ್ದು ಕಾಣುತ್ತದೆಂದುಕೊಂಡು ಬಂದಿದ್ದ. ಇಷ್ಟು ಚೆಂದದ್ದು ತನ್ನ ಮಗಳದೇ ಎಂದು ಎರಡು ಸಲ ಕೇಳಿದ.

ಅವರು ಬಿಡಿಸಿ ಹೇಳಿದರು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಕಡೆ ಕೂದಲಿಗಿಂತ ಸಾವಿರಾರು ಪಾಲು ಕಿರಿದಾದ ಸಂದು ಇರುತ್ತದೆ. ಆಚೆ ಈಚೆಯ ಕೋಶಗಳನ್ನು ಅಲ್ಲಿ ಹಿಡಿದಿಡುವುದು ಕೆಲವು ಪ್ರೋಟೀನುಗಳು. ಅದರಲ್ಲಿ ಒಂದನ್ನು ಮಾಡಲು ವಂಶವಾಹಿಯಲ್ಲಿ ಬರೆದಿರುವ ಸೂಚನೆಯಲ್ಲಿ, ಮಂದಾರಳಿಗೆ ಒಂದೇ ಒಂದು ಅಕ್ಷರ ಬೇರೆ. ಪ್ರೋಟೀನು ಕಡಿಮೆ ಬಿತ್ತು, ಸುದ್ದಿ ಸಾಗುವ ರೀತಿ ಬೇರೆಯಾಯಿತು. ನಮಗೆ ಸಣ್ಣದೆನಿಸುವ ಸದ್ದು ಅವಳಿಗೆ ತಡೆಯಲಾರದಷ್ಟು ದೊಡ್ಡದಾಗಿರಬಹುದು. ಆ ಬೇರೆ ಅಕ್ಷರ ಗರ್ಭ ನಿಂತ ಗಳಿಗೆಯಲ್ಲೇ ಬಂದದ್ದು. ಈಳಿಗೆಗೂ ಗ್ರಹಣಕ್ಕೂ ಸಂಬಂಧವಿಲ್ಲ.

"ಆ ಅಕ್ಷರ ಯಾರಿಂದ ಬಂತ್ರಿ?" ಎಂದು ಅಡಿವೆಪ್ಪ ಕೇಳಿದ.

"ನಿಮ್ಮಿಂದ," ಎಂದರು ವಾರಿಜಾ. "ಅದೊಂದೇ ಕಾರಣ ಅಂತ ಹೇಳೋಕಾಗಲ್ಲ, ಇನ್ನೂ ಎಷ್ಟೋ ಸೇರಿರುತ್ತೆ. ಅದೇ ಬದಲಾವಣೆ ಒಬ್ಬರಲ್ಲಿ ಆಟಿಸಂ ಆಗಿ, ಇನ್ನೊಬ್ಬರಲ್ಲಿ ಗಮನ ನಿಲ್ಲದ ತೊಂದರೆಯಾಗಿ ಕಾಣಬಹುದು. ನಿಮಗೆ ಚಿಕ್ಕಂದಿನಿಂದಲೂ ಒಂದು ಕಡೆ ಕೂತ್ಕೊಳ್ಳೋದು ಕಷ್ಟವಾ?"

ಅಡಿವೆಪ್ಪ ಹೆದರಿದ. ಅವನು ಹೆದರಿದ್ದು ಡಾಕ್ಟರಿಗಲ್ಲ, ಪಕ್ಕದಲ್ಲಿದ್ದ ಹೆಂಡತಿಗೆ. ತಾನು ಅಂದ ಮಾತನ್ನೇ ಅವಳು ತಿರುಗಿಸಿ ಅಂದರೆ ಏನು ಮಾಡುವುದು? ಅನ್ನುವ ಹಕ್ಕು ಅವಳಿಗೆ ಇತ್ತೋ ಇಲ್ಲವೋ? ಕಸ್ತೂರಿ ಸೆರಗು ಸರಿಮಾಡಿಕೊಂಡು ಇಷ್ಟೇ ಅಂದಳು: "ರಕ್ತ ಯಾರದರ ಇರ್ಲಿ ಬಿಡ್ರಿ. ಕೂಸು ಇಬ್ಬರದು."

ಆಗ ಅವನಿಗೆ ಶಾಲೆ ನೆನಪಾಯಿತು. ಕೂತಲ್ಲಿ ಕೂರುವುದಿಲ್ಲವೆಂದು ಮಾಸ್ತರು ಟವೆಲಿನಿಂದ ಕಂಬಕ್ಕೆ ಕಟ್ಟಿ ಬಾರಿಸಿದ್ದು, ಏಳನೇ ಇಯತ್ತೆಗೆ ತಾನು ಶಾಲೆ ಬಿಟ್ಟದ್ದು, ತಾನೊಬ್ಬ ದಡ್ಡನೆಂದು ನಲವತ್ತು ವರ್ಷ ಒಳಗೊಳಗೇ ನಂಬಿದ್ದು. "ಹಂಗಾರ ಮಾಸ್ತರು ನನ್ನ ಸುಮ್ಮಸುಮ್ಮನ ಬಡದ್ರೇನ್ರಿ?" ಎಂದ. ವಾರಿಜಾ ನಗು ತಡೆಯಲಾರದೆ ಹೋದರು. ಕಸ್ತೂರಿ ನಕ್ಕಳು. ಅಡಿವೆಪ್ಪ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ, ಕೈ ಮುಗಿದು ಹೆಂಡತಿಯ ಕ್ಷಮೆ ಕೇಳಿದ.

ಇಷ್ಟರಲ್ಲಿ ಮಂದಾರ ಪರದೆಗೆ ಮೂಗು ತಾಗಿಸಿ ನಿಂತು, ಹಸಿರು ಎಳೆಗಳ ಮೇಲೆ ಬೆರಳಾಡಿಸುತ್ತ ಗುಂಯ್‌ಗುಟ್ಟುತ್ತಿದ್ದಳು. ಅಡಿವೆಪ್ಪ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಅಲ್ಲಿಯವರೆಗೆ ಮಗಳು ತನ್ನನ್ನು ನೋಡಲಿ ಎಂದು ಗಲ್ಲ ಹಿಡಿದು ತಿರುಗಿಸುತ್ತಿದ್ದವನು, ಅವಳು ನೋಡುವ ಕಡೆ ತಾನು ನೋಡಿದ್ದು ಅದೇ ಮೊದಲು. ಅವಳ ಬೆರಳ ಹಿಂದೆ ತನ್ನ ಬೆರಳಿಟ್ಟ. ಸ್ವಲ್ಪ ಹೊತ್ತಿಗೆ ಮಗು ಆ ದಪ್ಪ ಬೆರಳನ್ನು ಹಿಡಿದು, ತಾನು ಬಿಟ್ಟಿದ್ದ ಒಂದು ಕವಲಿನ ಮೇಲಿಟ್ಟಳು. ಅಡಿವೆಪ್ಪನಿಗೆ ಬೇರೆ ಯಾವ ಹರಕೆ ಬೇಕಿತ್ತು?

ಅವತ್ತೇ ಹೆಂಡತಿಯನ್ನೂ ಮಗಳನ್ನೂ ಮನೆಗೆ ಕರೆತಂದ. ಎಲ್ಲ ಕೇಳಿಸಿಕೊಂಡ ನಿಂಬೆವ್ವ ಮಗನಿಗೆ, "ನಿಮ್ಮಪ್ಪನೂ ಹಂಗ ಇದ್ದ. ಉಣ್ಣಾಕ ಕುಂತ್ರ ಮೂರು ಸಲ ಎದ್ದು ಓಣಿ ತಿರುಗಿ ಬರ್ತಿದ್ದ," ಎಂದಳು. ಮರುದಿನ ಹೋಳಿಗೆ ಮಾಡಿ, ತುಪ್ಪ ಹಾಕಿ, ಮೊದಲ ಹೋಳಿಗೆ ಸೊಸೆಗೆ ಬಡಿಸಿದಳು. ಗಿರಣಿ ಊರ ಹೊರಗೆ ಹೋಯಿತು. ಮಂದಾರ ಈಗಲೂ ಹೆಚ್ಚು ಮಾತಾಡುವುದಿಲ್ಲ. ತರಬೇತಿಯಲ್ಲಿ ಕೊಟ್ಟ ಚಿತ್ರದ ಚೀಟಿ ತೋರಿಸಿ ಬೇಕಾದ್ದನ್ನು ಕೇಳುತ್ತಾಳೆ. ಕೊಡದಿದ್ದರೆ ಅದೇ ಚೀಟಿಯನ್ನು ನಿಮ್ಮ ಜೇಬಿಗೆ ತುರುಕಿ ಹೋಗುತ್ತಾಳೆ.

ನಕ್ಕಿರಿ. ಸಂತೋಷ. ಈಗ ನಿಮ್ಮ ಮನೆಗೆ ಬರೋಣ. ಸೊಸೆಯ ರಕ್ತದಲ್ಲಿ ದೋಷ ಹುಡುಕುವುದನ್ನು ಇವತ್ತಿಗೆ ಬಿಡಿ. ಮಾತು ತಡವಾದ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ಯಿರಿ, ನಾಳೆ ನಾಡಿದ್ದು ಅನ್ನಬೇಡಿ. ಕೂರಲಾರದ ಮಗುವಿಗೆ ಕೋಲು ತೋರಿಸಬೇಡಿ. ಅದು ಹಟವಲ್ಲ, ಅದರ ಮಿದುಳು ನಡೆಯುವ ರೀತಿ. ದಿನಕ್ಕೆ ಅರ್ಧ ತಾಸು ಅದರ ಪಕ್ಕ ನೆಲದ ಮೇಲೆ ಕೂತು, ಅದು ನೋಡುವುದನ್ನು ನೀವೂ ನೋಡಿ.

ಇನ್ನೊಂದು ಮಾತು. ಜನ ಏನಂದಾರು ಎಂದು ಮಗುವನ್ನು ಮನೆಯಲ್ಲೇ ಬಿಟ್ಟು ಈ ಪ್ರವಚನಕ್ಕೆ ಬಂದವರು ನಿಮ್ಮಲ್ಲಿ ಇದ್ದೀರಿ, ನನಗೆ ಗೊತ್ತು. ನಾಳೆ ಕರೆತನ್ನಿ. ಕೂಗಿದರೆ ಕೂಗಲಿ, ಓಡಿದರೆ ಓಡಲಿ. ಈ ಮೈಕಿನ ಸದ್ದು ಅದಕ್ಕೆ ತಡೆಯದಿದ್ದರೆ ಮೈಕು ಬಂದ್ ಮಾಡೋಣ. ನೀವೆಲ್ಲ ಹತ್ತಿರ ಬಂದು ಕೂರಿ, ನಾನು ಮೆಲ್ಲಗೆ ಮಾತಾಡುತ್ತೇನೆ.