ಊಟದ ಪ್ರಶ್ನೆಗಳು

ಕ್ಯಾನ್ಸರ್ ತಪಾಸಣೆಯ ವ್ಯಾನಿನ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ, ನರ್ಸೊಬ್ಬಳು ಬಟ್ಟೆ ಹೊಲಿಯುವ ಮುದುಕಿಯೊಬ್ಬಳ ಊಟದ ವಿವರ ಬರೆದುಕೊಳ್ಳುತ್ತಿದ್ದಳು.

“ಸೊಪ್ಪು, ಹಣ್ಣು ದಿನಾ ತಿಂತೀರಾ ಅಮ್ಮ? ಅವು ರೋಗ ತಡೀತಾವಾ ಅಂತ ಸಂಶೋಧನೆ ನಡೀತಿದೆ.”

“ಅಕ್ಕ ಇರೋವರೆಗೂ ತಿಂತಿದ್ದೆ. ಒಬ್ಬಳಿಗೋಸ್ಕರ ಯಾರು ಸೊಪ್ಪು ಬಿಡಿಸ್ತಾರೆ?”

“ನಿನ್ನೆ ಏನು ಊಟ?”

“ಮೊನ್ನೆ ಮಾಡಿದ್ದೇ. ಊಟ ಏನು ಅಂತ ಕೇಳಿದವರೇ ಇಲ್ಲ ಕಣಮ್ಮ. ಇನ್ನೊಂದು ಹೇಳ್ಲಾ?”

“ಹೇಳಿ.”

“ಎದೇಲಿ ಗಂಟಿದೆ. ನಾಲ್ಕು ತಿಂಗಳಾಯ್ತು.”

“ಯಾರಿಗೂ ಹೇಳಲಿಲ್ವಾ?”

“ಹೇಳೋಕೆ ಇದ್ದವಳು ಅಕ್ಕ ಒಬ್ಬಳೇ. ಇನ್ನು ಹೊಲಿಗೆ ಮಿಷನ್‌ಗೆ ಹೇಳ್ಲಾ?”

ನರ್ಸ್ ಪೆನ್ನು ಮುಚ್ಚಿದಳು.

“ಈಗಲೇ ಒಳಗೆ ಬನ್ನಿ. ಡಾಕ್ಟರ್ ನೋಡಲಿ, ನಾನೂ ಜೊತೆಗಿರ್ತೀನಿ.”

“ನಿನ್ನ ಪ್ರಶ್ನೆಗಳು ಇನ್ನೂ ಇವೆಯಲ್ಲ?”

“ಆಮೇಲೆ ಕೇಳ್ತೀನಿ.”

“ಮರೀಬೇಡ ಮತ್ತೆ,” ಎನ್ನುತ್ತಾ ಮುದುಕಿ ಅವಳ ತೋಳು ಹಿಡಿದು ವ್ಯಾನಿನ ಮೆಟ್ಟಿಲು ಹತ್ತಿದಳು.