ಆಟಿಯಲ್ಲಿ ಬಿಚ್ಚದ ಚೈನು

ದೀಪ ಸ್ವಲ್ಪ ಸಣ್ಣ ಮಾಡಿ. ಆ ಬಾಗಿಲನ್ನೂ ಎಳೆದುಕೊಳ್ಳಿ... ಇದು ಅಜ್ಜಿಕತೆ ಅಲ್ಲ. ಪುಂಜಾಲಕಟ್ಟೆಯಲ್ಲಿ ನಮ್ಮ ನೆರೆಮನೆಯ ಶೀನಪ್ಪನಿಗೆ ಆದದ್ದು. ಐವತ್ತೆಂಟನೇ ಇಸವಿಯ ಆಟಿ ತಿಂಗಳು, ಜಡಿಮಳೆಯ ಕಾಲ.

ರಾತ್ರಿ ಹತ್ತು ಕಳೆದಿತ್ತು. ಶೀನಪ್ಪ ತನ್ನ ಬಾಡಿಗೆ ಕಾರನ್ನು ರಸ್ತೆ ಬದಿಯ ಶೆಡ್ಡಿನಲ್ಲಿ ಬಿಟ್ಟು ಮನೆಗೆ ನಡೆದು ಹೊರಟಿದ್ದ. ದಾರಿಯಲ್ಲಿ ಒಂದು ಆಲದ ಮರ, ಅದರ ಬುಡದಲ್ಲಿ ಹಾಳು ಬಾವಿ. ಮಳೆ ಬಿಟ್ಟಿತ್ತು. ಎಲೆಯಿಂದ ನೀರು ಬಾವಿಗೆ ಬೀಳುವ ಸದ್ದು ಮಾತ್ರ. ತೊಟ್... ತೊಟ್...

ಅವನ ತಲೆಯಲ್ಲಿ ಬೇರೆಯೇ ಸದ್ದು ಕೊರೆಯುತ್ತಿತ್ತು. ಕೆಲವು ದಿನಗಳಿಂದ ಕಾರು ಸ್ಟಾರ್ಟ್ ಮಾಡಿದರೆ ಇಂಜಿನಿನ ಎದುರು ಕಡೆಯಿಂದ ಕರ್ ಕರ್ ಕರ್ ಎನ್ನುತ್ತಿತ್ತು. ಅಂದು ಸಂಜೆ ಮೆಲ್ಕಾರಿನಲ್ಲಿ ಮೆಕ್ಯಾನಿಕ್ ಇಬ್ರಾಹಿಂ ಖಲೀಲ್ ಉದ್ದದ ಸ್ಕ್ರೂಡ್ರೈವರನ್ನು ಇಂಜಿನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದ್ದ.

"ಟೈಮಿಂಗ್ ಚೈನು ಜಗ್ಗಿದೆ ಶೀನಪ್ಪಣ್ಣ. ಹೊಸತು ನನ್ನಲ್ಲಿ ಉಂಟು. ಇವತ್ತೇ ಹಾಕುವ."

"ಆಟಿಯಲ್ಲಿ ಹೊಸತು ಯಾವುದೂ ಶುರು ಮಾಡುವುದಿಲ್ಲ ಮಾರಾಯ. ಮುಂದಿನ ತಿಂಗಳು ಸೋಣ ಬರಲಿ."

"ಆಟಿ ನಿಮಗೆ. ಚೈನಿಗೆ ಇಲ್ಲ."

"ಎಷ್ಟು ದಿನ ಬಂದೀತು?"

"ಅದು ಹೇಳ್ಲಿಕ್ಕೆ ಆಗುವುದಿಲ್ಲ. ತುಂಡಾದರೆ ಅಲ್ಲಿಗೇ ನಿಲ್ತದೆ. ತಳ್ಳಿದರೂ ಹೋಗುವುದಿಲ್ಲ."

ನಾಳೆ ಹಾಕಿಸಿಯೇ ಬಿಡುವ ಎಂದು ಶೀನಪ್ಪನಿಗೆ ಅರ್ಧ ಮನಸ್ಸು ಬಂದಿತ್ತು. ಆಗಲೇ ಆಲದ ಕಟ್ಟೆಯಿಂದ ಯಾರೋ ಕೆಮ್ಮಿದರು. ಖುಳ್... ಖುಳ್...

"ಶೀನಾ."

ಅವನ ಕಾಲು ಅಲ್ಲೇ ನಿಂತಿತು. ಅವನನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ, ಸೋದರಮಾವ ಹುಕ್ರಪ್ಪ. ಅವನು ಸತ್ತು ಏಳು ವರ್ಷ.

"ಚೈನಿನ ಚಿಂತೆಯಾ?" ಪಿಸುಮಾತು. "ಬಿಚ್ಚಬೇಡ. ಸೋಣದವರೆಗೆ ಬರ್ತದೆ."

"ಮಾವ... ಹೌದಾ?"

"ಕಾರು ನನ್ನದಲ್ಲವಾ. ನನಗೆ ಗೊತ್ತಿಲ್ಲವಾ."

ಮತ್ತೆ ಅದೇ ಸ್ವರ, ಈಗ ಕಿವಿಯ ಹತ್ತಿರ.

"ನಿನ್ನ ಮದುವೆ ಮೊದಲು ಅಂತ ಹೇಳಿದೆಯಂತೆ... ಇರಲಿ."

ಇದು ಏನೆಂದು ಹೇಳಬೇಕು. ಮದುವೆಯಾಗದೆ ಸತ್ತವರು ಪ್ರೇತವಾಗಿ ಅಲೆಯುತ್ತಾರೆ, ಅದಕ್ಕೆ ನಮ್ಮಲ್ಲಿ ಕುಲೆ ಎನ್ನುವುದು. ಹಾಗೆಯೇ ಸತ್ತ ಬೇರೆ ಮನೆಯ ಹುಡುಗಿಯ ಕುಲೆಯನ್ನು ಹುಡುಕಿ, ಆಟಿಯಲ್ಲಿ ಇಬ್ಬರಿಗೂ ಮದುವೆ ಮಾಡಿಸಬೇಕು. ಹುಕ್ರಪ್ಪ ಮದುವೆಯಾಗದೆ ಜ್ವರದಲ್ಲಿ ಹೋದವನು. ನಮ್ಮಲ್ಲಿ ಸೋದರಮಾವನ ಆಸ್ತಿ ಸೋದರಳಿಯನಿಗೆ, ಹಾಗಾಗಿ ಕಾರು ಶೀನಪ್ಪನಿಗೆ ಬಂತು. ಮಾವನ ಮದುವೆಯ ಜವಾಬ್ದಾರಿಯೂ ಅವನದ್ದೇ. "ಮೊದಲು ಹಿರಿಯವನದ್ದು ಮುಗಿಸು, ಮತ್ತೆ ನಿನ್ನದು" ಎಂದು ಜೋಯಿಸರು ಹೇಳಿದ್ದರು. ಆದರೆ ನೆರಿಯದ ಡೊಂಬಯ್ಯನ ಮಗಳು ಪ್ರೇಮಾವತಿಯೊಂದಿಗೆ ಶೀನಪ್ಪನಿಗೆ ನಿಶ್ಚಯವಾಗಿತ್ತು. ಸೋಣದಲ್ಲಿ ಮದುವೆ. ಅವಳೆಂದರೆ ಅವನಿಗೆ ಜೀವ. "ಸತ್ತವರಿಗೆ ಏನು ಅವಸರ, ಮುಂದಿನ ಆಟಿಗೆ ನೋಡುವ" ಎಂದುಬಿಟ್ಟಿದ್ದ.

ಆ ರಾತ್ರಿ ಅವನು ಹೆದರಿದ್ದು ನಿಜ. ಆದರೆ ಹೆದರಿಕೆಗಿಂತ ಸಮಾಧಾನವೇ ಹೆಚ್ಚಾಯಿತು. ಮನೆಯ ಕುಲೆ ಮನೆಯವರಿಗೆ ಸುಳ್ಳು ಹೇಳುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಮೆಕ್ಯಾನಿಕ್ ಗೊತ್ತಿಲ್ಲ ಅಂದ, ಮಾವ ದಿನವನ್ನೇ ಹೇಳಿದ. ಶೀನಪ್ಪ ಮೆಲ್ಕಾರಿಗೆ ಹೋಗಲಿಲ್ಲ.

ಒಂಬತ್ತು ದಿನ ಕಳೆಯಿತು. ಸೋಣಕ್ಕೆ ಇನ್ನು ಐದೇ ದಿನ. ಮುಸ್ಸಂಜೆಗೆ ಒಂದು ಮರದ ಲಾರಿ ಪುಂಜಾಲಕಟ್ಟೆಯಲ್ಲಿ ನಿಂತಿತು. ಅದರಿಂದ ಡೊಂಬಯ್ಯ ಇಳಿದ. ಲಾರಿಯೊಳಗೆ ಪ್ರೇಮಾವತಿ. ಹುಲ್ಲು ಕೊಯ್ಯುವಾಗ ಕನ್ನಡಿ ಹಾವು ಕಚ್ಚಿತ್ತು. ಕಾಲು ಬಾತು ಬಾಳೆದಿಂಡಿನ ಹಾಗಾಗಿತ್ತು.

"ಮಂಗಳೂರಿಗೆ ಮುಟ್ಟಿಸಿದರೆ ಬದುಕ್ತಾಳಂತೆ," ಅಂದ ಡೊಂಬಯ್ಯ. "ಈ ಲೋಡು ಲಾರಿ ಯಾವಾಗ ಮುಟ್ಟುವುದು? ಅಳಿಯಂದಿರ ಕಾರು ಉಂಟಲ್ಲ ಅಂತ ಇಲ್ಲಿ ಇಳಿಸಿದೆ."

ಶೀನಪ್ಪ ಒಂದು ಕ್ಷಣ ಬಾಯಿ ತೆರೆದ. ಚೈನಿನ ಮಾತು ನಾಲಗೆಯ ತುದಿಗೆ ಬಂತು. ಸೋಣದವರೆಗೆ ಬರ್ತದೆ ಎಂದು ಮಾವ ಹೇಳಿದ್ದಾನಲ್ಲ... ಬಾಯಿ ಮುಚ್ಚಿದ. ಲಾರಿ ಬೇರೆ ದಾರಿಗೆ ತಿರುಗಿ ಹೋಯಿತು.

ಅಪ್ಪ, ಮಗಳು ಹಿಂದಿನ ಸೀಟಿನಲ್ಲಿ. ಕಾರು ಬಂಟ್ವಾಳದ ದಾರಿ ಹಿಡಿಯಿತು. ಆಶ್ಚರ್ಯವೆಂದರೆ ಕರ್ ಕರ್ ಸದ್ದು ಪೂರ್ತಿ ನಿಂತಿತ್ತು.

"ಇನ್ನು ಎಷ್ಟು ದೂರ?" ಎಂದಳು ಪ್ರೇಮಾವತಿ.

"ಬಂತು. ಇದಾ, ಬಂತು," ಅಂದ ಶೀನಪ್ಪ.

"ಎದುರು ನಿಮ್ಮ ಪಕ್ಕ ಕೂತವರಿಗೆ ಹೇಳಿ... ನನ್ನನ್ನು ಹಾಗೆ ನೋಡುವುದು ಬೇಡ ಅಂತ."

ಶೀನಪ್ಪ ಪಕ್ಕಕ್ಕೆ ತಿರುಗಿದ. ಸೀಟು ಖಾಲಿ.

ಆಗ ಇಂಜಿನಿನೊಳಗೆ ಟಕ್ ಎಂದಿತು. ಒಂದೇ ಸಲ. ಮತ್ತೆ ಯಾವ ಸದ್ದೂ ಇಲ್ಲ. ಕಾರು ಉರುಳಿ ಉರುಳಿ ನಿಂತಿತು. ಶೀನಪ್ಪ ಇಳಿದು ಎದುರಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದ. ಅದು ಬರಿದೇ, ಹಗುರವಾಗಿ ತಿರುಗಿತು... ಚೈನು ತುಂಡಾಗಿದೆ ಎಂದು ಅಷ್ಟರಲ್ಲೇ ಅವನಿಗೆ ಗೊತ್ತಾಯಿತು. ಆದರೂ ತಿರುಗಿಸಿದ. ಅಂಗೈ ಸುಲಿಯುವವರೆಗೆ ತಿರುಗಿಸಿದ. ಡೊಂಬಯ್ಯ ಒಬ್ಬನೇ ಕಾರು ತಳ್ಳಿದ. ಆ ರಸ್ತೆಯಲ್ಲಿ ಮತ್ತೆ ಒಂದು ಗಾಡಿಯೂ ಬರಲಿಲ್ಲ. ಬೆಳಗಿನ ಮೊದಲ ಬಸ್ಸು ಬರುವಾಗ ಹುಡುಗಿಯ ಮೈ ತಣ್ಣಗಾಗಿತ್ತು.

ಖಲೀಲ್ ಬಂದು ಕಾರನ್ನು ಶೆಡ್ಡಿಗೆ ಎಳೆಸಿದ. ಕವರು ಬಿಚ್ಚಿ ಚೈನಿನ ತುಂಡುಗಳನ್ನು ಒಂದೊಂದಾಗಿ ಹೊರಗೆ ತೆಗೆದ. ಶೀನಪ್ಪನ ಮುಖ ನೋಡಿ, ಅವನ್ನು ಗೋಣಿಯಲ್ಲಿ ಕಟ್ಟಿಕೊಂಡು ಹೋದ. ಶೀನಪ್ಪ ಹೊಸತು ಹಾಕಿಸಲಿಲ್ಲ, ಕಾರು ಶೆಡ್ಡಿನಲ್ಲೇ ನಿಂತಿತು.

ಒಂದು ವರ್ಷ ಹೋಯಿತು. ಮತ್ತೆ ಆಟಿ. ಡೊಂಬಯ್ಯ ಮನೆಗೆ ಬಂದು ಜಗಲಿಯಲ್ಲಿ ಕುಳಿತ. ಮನುಷ್ಯ ಅರ್ಧ ಆಗಿದ್ದ.

"ಮಗಳು ದಿನಾ ಕನಸಿನಲ್ಲಿ ಬಂದು ಅಳ್ತಾಳೆ. ಅವಳನ್ನೂ ಒಂದು ಕಡೆ ಸೇರಿಸಬೇಕಲ್ಲ... ನಿಮ್ಮ ಮಾವನದ್ದು ಬಾಕಿ ಉಂಟಂತೆ. ಜೋಯಿಸರು ಕೂಡಿ ಬರ್ತದೆ ಅಂದರು."

ಬೇಡ ಎನ್ನಲು ಕಾರಣ ಹೇಳಬೇಕು. ಕಾರಣ ಹೇಳಿದರೆ ಚೈನಿನ ವಿಷಯ ಮೊದಲೇ ಗೊತ್ತಿತ್ತು ಎಂದು ಆ ತಂದೆಯ ಎದುರು ಹೇಳಬೇಕು. ಶೀನಪ್ಪ ಆಗಬಹುದು ಎಂದು ತಲೆಯಾಡಿಸಿದ.

ಮದುವೆಯಾಯಿತು. ಎರಡು ಮಣೆ. ಒಂದರ ಮೇಲೆ ಪಂಚೆ, ಒಂದರ ಮೇಲೆ ಸೀರೆ. ಸೀರೆ ಪ್ರೇಮಾವತಿಗೆಂದು ಶೀನಪ್ಪನೇ ಮೂಡುಬಿದಿರೆಯಿಂದ ತಂದು ಪೆಟ್ಟಿಗೆಯಲ್ಲಿಟ್ಟಿದ್ದದ್ದು. ಮಾವನ ಪರವಾಗಿ ಕರಿಮಣಿ ಕಟ್ಟಬೇಕಾದವನು ಮನೆಯ ಯಜಮಾನ. ಅಂದರೆ ಅವನೇ. ಕಟ್ಟಿದ. ಗಂಟು ಹಾಕಲು ಅವನಿಗೆ ಮೂರು ಸಲ ಬೇಕಾಯಿತು, ಎಲ್ಲರೂ ದುಃಖ ಎಂದುಕೊಂಡರು.

ಆ ರಾತ್ರಿ ಶೆಡ್ಡಿನ ಕಡೆಯಿಂದ ಕಾರು ಸ್ಟಾರ್ಟ್ ಆದ ಸದ್ದು ನಾಲ್ಕು ಮನೆಯವರಿಗೆ ಕೇಳಿತು. ಒಂದು ಕರಕರ ಇಲ್ಲ. ನಯವಾದ ಸದ್ದು. ರಸ್ತೆಗಿಳಿದು ಬೆಳ್ತಂಗಡಿಯ ಕಡೆಗೆ ದೂರವಾಯಿತು... ಬೆಳಗಿನ ಜಾವಕ್ಕೆ ತಿರುಗಿ ಬಂತು. ಯಾರೂ ಬಾಗಿಲು ತೆಗೆಯಲಿಲ್ಲ.

ಬೆಳಿಗ್ಗೆ ಖಲೀಲನನ್ನು ಕರೆಸಿದರು. ಬಾನೆಟ್ಟು ಮುಟ್ಟಿ ಕೈ ಹಿಂದೆಗೆದ, ಬಿಸಿ ಇತ್ತು. ಕವರು ಬಿಚ್ಚಿದ. ಒಳಗೆ ಚೈನು ಇಲ್ಲ. ಖಲೀಲ್ ಸುಳ್ಳು ಹೇಳುವ ಜನ ಅಲ್ಲ, ಬೇಕಾದರೆ ಮೆಲ್ಕಾರಿಗೆ ಹೋಗಿ ಕೇಳಿ. ಮತ್ತೆ ಅವನು ಮೀಟರು ನೋಡಿದ. ಕಾರು ಶೆಡ್ಡಿಗೆ ಸೇರಿದ ದಿನ ತಾನು ಬರೆದಿಟ್ಟದ್ದಕ್ಕಿಂತ ನಲವತ್ತನಾಲ್ಕು ಮೈಲು ಜಾಸ್ತಿ ಓಡಿತ್ತು. ಇಲ್ಲಿಂದ ನೆರಿಯಕ್ಕೆ, ಹೆಣ್ಣಿನ ಮನೆಗೆ, ಹೋಗಿ ಬರುವಷ್ಟು.